ಅಮ್ಮನ ಕೈ ಟೀವಿಯಲ್ಲಿ ಬಂದ ವಾರ

ಈಗಿನ ಜನ ಒಂದು ಸೀರಿಯಲ್ಲಿನ ಮೊದಲ ಕಂತು ಮುಗಿಯುವ ಮುಂಚೆಯೇ ಮೊಬೈಲು ಹಿಡಿದು ಅಭಿಪ್ರಾಯ ಬರೆಯುತ್ತಾರೆ. ಎಳೆದಿದ್ದಾರೆ, ಹೀರೋಯಿನ್ನಿಗೆ ಅಳುವುದಕ್ಕೆ ಬರುವುದಿಲ್ಲ, ಎರಡು ಸ್ಟಾರು. ಬರೆಯಲಿ, ನಾನೂ ಬರೆಯುತ್ತೇನೆ. ಆದರೆ ತೊಂಬತ್ತರ ದಶಕದ ಗುಂಡ್ಲುಪೇಟೆಯಲ್ಲಿ ಅಭಿಪ್ರಾಯ ಇದ್ದವರು ಸೀದಾ ಮನೆ ಬಾಗಿಲಿಗೆ ಬರುತ್ತಿದ್ದರು. ಒಂದು ಪೊಲೀಸ್ ಧಾರಾವಾಹಿಯ ಮೊದಲ ಕಂತಿನ ಬಗ್ಗೆ ನಮ್ಮ ಬಾಗಿಲಿಗೆ ಬಂದಷ್ಟು ಅಭಿಪ್ರಾಯ ಅದನ್ನು ತೆಗೆದವರ ಬಾಗಿಲಿಗೂ ಹೋಗಿರಲಿಕ್ಕಿಲ್ಲ. ಕಾರಣ ಇಷ್ಟೇ, ಅದರಲ್ಲಿ ನಮ್ಮ ಅಮ್ಮ ನಟಿಸಿದ್ದಳು. ಪೂರ್ತಿ ಅಮ್ಮ ಅಲ್ಲ, ಮಣಿಕಟ್ಟಿನಿಂದ ಕೆಳಗೆ ಮಾತ್ರ.

ಅಮ್ಮ ಬಳೆಗಾರ್ತಿ. ಮನೆಯಲ್ಲಿ ನಮ್ಮ ಮಾತು ಉರ್ದು, ಮಲಾರ ಹೆಗಲೇರಿದ ಮೇಲೆ ಕನ್ನಡ. ಮಲಾರ ಅಂದರೆ ಬಣ್ಣಬಣ್ಣದ ಗಾಜಿನ ಬಳೆಗಳನ್ನು ಹಗ್ಗಕ್ಕೆ ಪೋಣಿಸಿ ಬಟ್ಟೆಯಲ್ಲಿ ಸುತ್ತಿದ ಗಂಟು. ನೋಡಲು ಚಂದ, ಹೊತ್ತರೆ ಕಲ್ಲು. ಅಮ್ಮನಿಗೆ ಮೊಣಕಾಲು ನೋವು ಶುರುವಾದ ಮೇಲೆ ಅದನ್ನು ಹೊರುವುದು ನನ್ನ ಪಾಲಿಗೆ ಬಂತು. ನನಗಾಗ ಇಪ್ಪತ್ತು ದಾಟಿತ್ತು. ಓದು ನಿಂತಿತ್ತು, ಮದುವೆ ಗೊತ್ತಾಗಿರಲಿಲ್ಲ, ಬಾಯಿ ಮಾತ್ರ ಈಗಿನಷ್ಟೇ ಜೋರಿತ್ತು.

ನಮ್ಮದು ಮದ್ದೂರು ಕಡೆಯ ಹಳ್ಳಿಗಳು. ಮಂಡ್ಯದ ಮದ್ದೂರಲ್ಲ, ಬಂಡೀಪುರದ ಮಗ್ಗುಲಲ್ಲಿ, ಕೇರಳಕ್ಕೆ ಹೋಗುವ ದಿಕ್ಕಿನಲ್ಲಿರುವ ಮದ್ದೂರು. ನಮ್ಮದು ಅನ್ನುವುದಕ್ಕೆ ಅರ್ಥವಿದೆ. ನಮ್ಮ ಕಡೆಯ ಬಳೆಗಾರರಲ್ಲಿ ಒಂದು ಕಟ್ಟುಪಾಡಿತ್ತು: ಒಬ್ಬರು ತೊಡಿಸುವ ಊರಿನಲ್ಲಿ ಇನ್ನೊಬ್ಬರು ಮಲಾರ ಬಿಚ್ಚುವಂತಿಲ್ಲ. ಬಿಚ್ಚಲೇಬೇಕಾಗಿ ಬಂದರೆ ಆ ಊರಿನ ಬಳೆಗಾರರ ಒಪ್ಪಿಗೆ ಕೇಳಬೇಕು. ಎಲ್ಲೂ ಬರೆದಿಟ್ಟ ಕಾನೂನಲ್ಲ. ಆದರೆ ಸಂತೆಮರಹಳ್ಳಿಯಿಂದ ಗುಂಡ್ಲುಪೇಟೆಯವರೆಗೆ ಅದನ್ನು ಮೀರಿದವರನ್ನು ನಾನು ಕಂಡಿಲ್ಲ.

ಚಾಮರಾಜನಗರ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಹೋಲ್‌ಸೇಲ್ ಅಂಗಡಿಯಿಂದ ಬಳೆ ತರಲು ನಾವಿಬ್ಬರೂ ಅಲ್ಲಿಗೆ ಹೋದಾಗ ಬೀದಿ ತುಂಬ ಜನ ನಿಂತಿದ್ದರು. ಶೂಟಿಂಗ್ ನಡೆಯುತ್ತಿತ್ತು. ಕತೆ ಏನೆಂದು ಅಂಗಡಿಯವನು ಹೇಳಿದ. ಕಾಡಿನಂಚಿನ ಊರಿಗೆ ಒಬ್ಬ ಪೊಲೀಸ್ ಆಫೀಸರಮ್ಮ ಮಫ್ತಿಯಲ್ಲಿ ಬರುತ್ತಾಳೆ, ಬಳೆಗಾರ್ತಿಯ ವೇಷದಲ್ಲಿ. ಮನೆಮನೆಗೂ ಹೋಗಿ ಹೆಂಗಸರಿಗೆ ಬಳೆ ತೊಡಿಸುತ್ತಾ ಕಳ್ಳರ ಗುಟ್ಟು ತಿಳಿದುಕೊಳ್ಳುತ್ತಾಳೆ.

ವೇಷವೇನೋ ಚೆನ್ನಾಗಿ ಹಾಕಿದ್ದರು, ಬಳೆ ತೊಡಿಸುವುದನ್ನು ಕಲಿಸಿರಲಿಲ್ಲ. ಹೀರೋಯಿನ್ನು ಬಳೆಯನ್ನು ಬೆರಳಿಗೆ ಸಿಕ್ಕಿಸಿ ಬಿಗಿಯಾದ ಚಿಲಕ ತಳ್ಳುವ ಹಾಗೆ ತಳ್ಳುತ್ತಿದ್ದಳು. ಒಂದಾದ ಮೇಲೊಂದು ಬಳೆ ಚೂರಾಗುತ್ತಿತ್ತು. ಕೈ ಕೊಟ್ಟು ಕೂತಿದ್ದ ಹುಡುಗಿಯ ಕಣ್ಣಲ್ಲಿ ನೀರು. ಅಂಗಡಿಯವನು ಡೈರೆಕ್ಟರನ್ನು ಕರೆದು ಅಮ್ಮನನ್ನು ತೋರಿಸಿದ.

"ಅಮ್ಮಾ, ಒಂದು ಶಾಟ್‌ಗೆ ನಿಮ್ಮ ಕೈ ಬೇಕಾಗಿತ್ತು. ಕೈ ಮಾತ್ರ ಸಾಕು" ಎಂದರು ಡೈರೆಕ್ಟರು.

"ಕೈ ಮಾತ್ರ ಎಂಗೆ ಬತ್ತದೆ ಸ್ವಾಮಿ, ಅದರ ಇಂದೆ ನಾನೂ ಬರ್ಬೇಕಲ್ಲ" ಎಂದಳು ಅಮ್ಮ. ಅಲ್ಲಿದ್ದವರೆಲ್ಲ ನಕ್ಕರು. ಹೀರೋಯಿನ್ ತೊಟ್ಟಿದ್ದ ಬಣ್ಣದ್ದೇ ಇನ್ನೊಂದು ರವಿಕೆ ತೊಡಿಸಿ, ಕೈಗೆ ಪೌಡರ್ ಬಳಿದು ಕೂರಿಸಿದರು. ಅಮ್ಮ ದಿನಾ ಮಾಡುವುದನ್ನೇ ಮಾಡಿದಳು. ಆ ಹುಡುಗಿಯ ಹೆಬ್ಬೆರಳಿನ ಬುಡವನ್ನು ಒತ್ತಿ ಸಡಿಲ ಮಾಡಿ, ಕೈಯನ್ನು ಮಾವಿನಹಣ್ಣಿನಂತೆ ಮೆತ್ತಗೆ ಹಿಡಿದು, ಬಳೆಗಳನ್ನು ಏರಿಸಿದಳು. ಕೊನೆಗೆ ಅವಳ ಬೆರಳುಗಳನ್ನೆಲ್ಲ ಮಡಚಿ ಮುಷ್ಟಿ ಮಾಡಿ ಒಮ್ಮೆ ಒತ್ತಿದಳು. ಅದು ಅಮ್ಮನ ಅಭ್ಯಾಸ. ಬೇರೆ ಯಾವ ಬಳೆಗಾರರೂ ಹಾಗೆ ಮಾಡುವುದಿಲ್ಲ. ನಮಗೆ ಊಟ ಹಾಕಿದರು, ಉಂಡು ಬಸ್ಸು ಹತ್ತಿದೆವು, ಮರೆತೆವು.

ಕೆಲವು ತಿಂಗಳ ಮೇಲೆ ಮೊದಲ ಕಂತು ಬಂತು. ನಮ್ಮ ಮನೆಯ ಪುಟ್ಟ ಟೀವಿಯ ಮುಂದೆ ಅಕ್ಕಪಕ್ಕದವರೆಲ್ಲ ಕೂತಿದ್ದರು. ಅಮ್ಮನ ಕೈ ಪರದೆಯ ತುಂಬ ಬಂತು. ಅಷ್ಟು ದೊಡ್ಡದಾಗಿ ಅದನ್ನು ನಾನೂ ನೋಡಿರಲಿಲ್ಲ. ಪೌಡರಿನ ಕೆಳಗೆ, ಎಡಗೈ ಹೆಬ್ಬೆರಳಿನ ಸೀಳಿದ ಉಗುರು ಸ್ಪಷ್ಟವಾಗಿ ಕಾಣುತ್ತಿತ್ತು. ಆಮೇಲೆ ಮುಷ್ಟಿ ಮಡಚಿ ಒತ್ತಿದ್ದು. ಅದರ ಹಿಂದೆಯೇ ಹೀರೋಯಿನ್ನಿನ ಮುಖ, ಕಣ್ಣು ಕಿರಿದು ಮಾಡಿ, ಗುಟ್ಟು ಸಿಕ್ಕಿತು ಅನ್ನುವ ಹಾಗೆ.

ಬೆಳಗಾದರೆ ಅಭಿಪ್ರಾಯಗಳು ಶುರು. ಪಕ್ಕದ ಮನೆಯ ಟೀಚರು, "ಕ್ಯಾಮೆರಾ ಪರವಾಗಿಲ್ಲ, ಕತೆ ನಿಧಾನ" ಎಂದರು. ಈರುಳ್ಳಿ ಮಂಡಿಯ ಹಮಾಲಿಯೊಬ್ಬ ಬೀದಿಯಲ್ಲಿ ನಿಂತೇ ಕೂಗಿದ. "ಅಲ್ಲ ಕಣಮ್ಮಿ, ಪೊಲೀಸು ಅಂದ್ಮೇಲೆ ಒಂದು ಫೈಟಾದ್ರೂ ಬ್ಯಾಡ್ವಾ? ಆ ವಮ್ಮ ಬಳೆ ಮಾರ್ಕಂಡು ಕುಂತವ್ಳೆ."

"ನಿನ್ನ ಹೊಡೆಯೋಕೆ ಮುಂದಿನ ವಾರ ಬರ್ತಾಳಂತೆ, ಇರು" ಎಂದೆ.

ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ಈಗ ಹೇಳುತ್ತೇನೆ. ಆ ಕಂತು ಸುಳ್ಳು. ಗುರುತು ಪರಿಚಯ ಇಲ್ಲದ ಬಳೆಗಾರ್ತಿ ಬಂದು ಕೂತ ತಕ್ಷಣ ಮನೆಯ ಒಳಗಿನದ್ದೆಲ್ಲ ಕಕ್ಕುವ ಹೆಂಗಸರು ಯಾವ ಊರಲ್ಲಿದ್ದಾರೆ? ಅಮ್ಮನ ಮುಂದೆ ಹೆಂಗಸರು ಮಾತಾಡುತ್ತಿದ್ದರು, ನಿಜ. ಕೈ ಇನ್ನೊಬ್ಬರ ಕೈಯಲ್ಲಿದ್ದಾಗ ಮಾತು ತಾನಾಗಿ ಬರುತ್ತದೆ. ಆದರೆ ಅದಕ್ಕೆ ಅಮ್ಮ ಇಪ್ಪತ್ತು ವರ್ಷ ಆ ಊರುಗಳ ಧೂಳು ತಿಂದಿದ್ದಳು, ಒಂದು ಮನೆಯ ಮಾತನ್ನು ಮಗ್ಗುಲ ಮನೆಗೆ ಒಯ್ದಿರಲಿಲ್ಲ. ಡೈರೆಕ್ಟರಿಗೆ ಅದು ಗೊತ್ತಿರಲಿಲ್ಲ. ಕಾಡಿನಂಚಿನ ಹೆಂಗಸರನ್ನು ಪೆದ್ದಿಯರನ್ನಾಗಿ ಮಾಡಿ ಕೂರಿಸಿಬಿಟ್ಟಿದ್ದರು.

ಆ ಪೆದ್ದಿಯರಲ್ಲದ ಹೆಂಗಸರು ನಮ್ಮ ಊರುಗಳಲ್ಲೂ ಟೀವಿ ನೋಡಿದ್ದರು. ಹೀರೋಯಿನ್ನಿನ ಮುಖ ಅವರಿಗೆ ಯಾರದ್ದೋ. ಕೈ ಮಾತ್ರ ಒಂದು ಕ್ಷಣಕ್ಕೇ ಗೊತ್ತಾಯಿತು. ಮದುವೆಗೆ, ಹಬ್ಬಕ್ಕೆ, ಬಸುರಿಗೆ ತಮ್ಮ ಕೈ ಹಿಡಿದಿದ್ದ ಕೈ ಅದು. ಪೇಟೆಗೆ ತರಕಾರಿ ತಂದವರು ಮೊದಮೊದಲು ನಗಾಡಿದರು. "ಬೂಬಮ್ಮ, ಟೀವೀಲಿ ನಿನ್ ಕೈ ಕಂಡ್ವಿ ಕಣವ್ವ. ಉಗುರು ನೋಡ್ತಿದ್ದಂಗೇ ನಮ್ ಬೂಬಮ್ಮಂದು ಅಂದ್ಬುಟ್ಟೆ." ನಮ್ಮ ಕಡೆ ಹಳ್ಳಿಯವರು ಮುಸಲ್ಮಾನ ಹೆಂಗಸರನ್ನು ಬೂಬಮ್ಮ ಅಂತಲೇ ಕರೆಯುವುದು. ಅಮ್ಮನಿಗೂ ಖುಷಿಯಾಯಿತು, ಸುಳ್ಳೇಕೆ.

ವಾರದ ಕೊನೆಗೆ ಆ ನಗು ಬೇರೆಯಾಯಿತು. ಮದ್ದೂರಿನ ಆಚೆಯ ಒಂದು ಹಳ್ಳಿಯಲ್ಲಿ ಒಂದು ಮನೆ. ಆ ಮನೆಯ ಹುಡುಗಿಗೆ ತೊಟ್ಟಿಲಲ್ಲಿ ಕರೀ ಬಳೆ ಹಾಕಿದವಳು ಅಮ್ಮ, ಮದುವೆಗೆ ಹಸಿರು ಬಳೆ ತೊಡಿಸಿದವಳೂ ಅಮ್ಮ. ಈಗ ಅವಳಿಗೆ ಏಳು ತಿಂಗಳು, ತವರಿನಲ್ಲಿ ಬಳೆ ಶಾಸ್ತ್ರ. ಅಮ್ಮ ಒಳ್ಳೆಯ ಹಸಿರು ಬಳೆ ಆರಿಸಿ ಇಟ್ಟಿದ್ದಳು. ಹಾಲಿನ ವ್ಯಾನಿನವನ ಕೈಲಿ ಆ ಮನೆಯಿಂದ ಮಾತು ಬಂತು: ಬೂಬಮ್ಮ ಬರುವುದು ಬೇಡ, ಚಾಮರಾಜನಗರದಿಂದ ಬೇರೆ ಬಳೆಗಾರನನ್ನು ಕರೆಸುತ್ತೇವೆ.

ವ್ಯಾನಿನವನು ತಲೆ ಕೆರೆದುಕೊಂಡು ಕಾರಣವನ್ನೂ ಹೇಳಿದ. ಅದೇ ಮನೆಯ ಮಗನನ್ನು, ಅಂದರೆ ಹುಡುಗಿಯ ಅಣ್ಣನನ್ನು, ಸ್ವಲ್ಪ ದಿನದ ಹಿಂದೆ ಪೊಲೀಸರು ವಿಚಾರಣೆಗೆಂದು ಕರೆದುಕೊಂಡು ಹೋಗಿದ್ದರು. ದನ ಮೇಯಿಸಲು ಕಾಡಿಗೆ ಹೋಗುವವನು. ಕಾಡಿನೊಳಗೆ ಅಡಗಿರುವ ಕಳ್ಳರಿಗೆ ಅಕ್ಕಿ ಕೊಟ್ಟೆಯಾ, ದಾರಿ ತೋರಿಸಿದೆಯಾ ಎಂದು ಕೇಳಿದ್ದರಂತೆ. ಆ ಕಾಲದಲ್ಲಿ ನಮ್ಮ ಕಡೆ ಅದು ಹೊಸದಲ್ಲ. ಬಿಟ್ಟು ಕಳಿಸಿದ್ದರು, ಹುಡುಗ ಮಾತ್ರ ಬಂದವನು ಮಾತು ಕಮ್ಮಿ ಮಾಡಿದ್ದ. ಯಾರು ಹೇಳಿಕೊಟ್ಟರು ಎಂದು ಅವರ ಅಜ್ಜಿ ಆವತ್ತಿನಿಂದ ಹುಡುಕುತ್ತಿದ್ದಳು. ಟೀವಿ ನೋಡಿದ ಮೇಲೆ ಅಜ್ಜಿಗೆ ಉತ್ತರ ಸಿಕ್ಕಿತ್ತು. ಬೂಬಮ್ಮ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಾಳೆ. ಪೊಲೀಸರ ಕೈ ಅಂತ ಟೀವಿಯವರೇ ತೋರಿಸಿದ್ದಾರೆ. ಇನ್ನೇನು ಬೇಕು.

ನನಗೆ ಮೈ ಉರಿಯಿತು. "ಆ ಊರು ಬಿಟ್ಟುಬಿಡೋಣ, ಅವರ ಹಂಗೇನು ನಮಗೆ" ಎಂದೆ.

ಅಮ್ಮ ಆರಿಸಿಟ್ಟ ಹಸಿರು ಬಳೆಯನ್ನು ಮಲಾರಕ್ಕೆ ಸೇರಿಸುತ್ತಿದ್ದಳು. "ಬಿಟ್ಟರೆ ಏನಾಗುತ್ತೆ ಗೊತ್ತಾ? ಹೌದು, ಅವಳೇ ಹೇಳಿಕೊಟ್ಟಿದ್ದು, ಅದಕ್ಕೇ ಮುಖ ತೋರಿಸಲಿಲ್ಲ ಅಂತಾರೆ. ಒಂದು ಊರು ಅಂದರೆ ಇನ್ನೊಂದು ಊರು ಅನ್ನುತ್ತೆ. ಆಮೇಲೆ ಯಾವ ಹೆಂಗಸು ನನಗೆ ಕೈ ಕೊಡ್ತಾಳೆ? ಶಾಸ್ತ್ರದ ದಿನ ಹೋಗ್ತೀನಿ, ನೀನು ಹೊತ್ಕೊಂಡು ಬಾ" ಎಂದಳು, ಉರ್ದುವಿನಲ್ಲಿ.

"ಕರೆಯದ ಮನೆಗಾ?"

"ಮನೆಗೆ ಯಾರು ಹೋಗ್ತಾರೆ. ಊರಿಗೆ ಹೋಗ್ತೀನಿ. ಊರು ನನ್ನದು."

ಹೋದೆವು. ಆ ಮನೆಯ ಎದುರಿಗೇ ಹಾಲಿನ ಡೈರಿ, ಅದಕ್ಕೊಂದು ಜಗಲಿ. ಅಮ್ಮ ಅದರ ಮೇಲೆ ಕಾಲು ಚಾಚಿ ಕೂತಳು. ಮಲಾರ ಬಿಚ್ಚಲಿಲ್ಲ, ಪಕ್ಕದಲ್ಲಿ ಇಟ್ಟುಕೊಂಡಳು ಅಷ್ಟೇ. ಬೀದಿಯಲ್ಲಿ ಓಡಾಡುತ್ತಿದ್ದ ಹೆಂಗಸರು ನಮ್ಮನ್ನು ನೋಡಿ ಸೆರಗು ಎಳೆದುಕೊಂಡು ಬೇಗ ಬೇಗ ಹೋದರು. ಮಾತಾಡಿಸಿದರೆ ಹೂಂ, ಉಹೂಂ. ನಾನು ಉರ್ದುವಿನಲ್ಲಿ ಏನೋ ಗೊಣಗಿದೆ. ಅಮ್ಮ ನನ್ನ ತೊಡೆ ಚಿವುಟಿದಳು. "ಕನ್ನಡದಲ್ಲಿ ಬಯ್ಯಿ. ತಿಳೀದ ಮಾತಾಡುದ್ರೆ ಅದುಕ್ಕೂ ಅನ್ಮಾನ ಪಟ್ಟಾರು."

ಅಜ್ಜಿ ಬಾಗಿಲಿಗೆ ಬಂದಳು. "ಬರ್ಬ್ಯಾಡ ಅಂತ ಯೋಳಿ ಕಳ್ಸಿದ್ನಲ್ಲ."

"ನಿನ್ ಮನೆಗೆ ಬಂದಿದ್ದೀನಾ ಅಜ್ಜಿ? ಡೈರಿ ಜಗಲೀಲಿ ಕುಂತಿವ್ನಿ. ಹಸಾ ಬಂದು ಏಳು ಅನ್ಲಿ, ಏಳ್ತೀನಿ."

"ಅದು ನಿನ್ ಕೈಯೇ ತಾನೆ, ಟೀವೀಲಿ?"

"ನನ್ ಕೈಯೇ. ಯಾರು ಇಲ್ಲ ಅಂದೋರು?"

ಅಜ್ಜಿ ಬೀದಿಯ ಕಡೆ ತಿರುಗಿ, "ಕೇಳಿಸ್ಕಳ್ರವ್ವ, ಒಪ್ಕಂಡ್ಳು" ಎಂದಳು.

"ಮಫ್ತಿ ಪೊಲೀಸ್ನೋಳು ಅಂದ್ರೆ ಬಚ್ಚಿಟ್ಕತಾಳೆ ಅಜ್ಜಿ. ಊರೆಲ್ಲ ನೋಡ್ಲಿ ಅಂತ ಟೀವೀಲಿ ಕೈ ಚಾಚ್ತಾಳಾ?"

ಅಜ್ಜಿ ಒಂದು ಗಳಿಗೆ ಯೋಚಿಸಿದಳು. "ಅಂಗೆ ಅಂದ್ಕಳ್ಲಿ ಅಂತ್ಲೇ ಚಾಚಿರ್ಬೌದು" ಎಂದು ಒಳಗೆ ಹೋದಳು. ಸಿಟ್ಟಿನಲ್ಲೂ ನನಗೆ ನಗು ಬಂತು. ಆ ಧಾರಾವಾಹಿಗೆ ಕತೆ ಬರೆಯಲು ಅಜ್ಜಿಯನ್ನು ಕರೆದುಕೊಂಡಿದ್ದರೆ ಚೆನ್ನಾಗಿತ್ತು.

ಸ್ವಲ್ಪ ಹೊತ್ತಿಗೆ ಚಾಮರಾಜನಗರದ ಬಳೆಗಾರ ಬಂದ. ವಯಸ್ಸಾದವನು, ಬಿಳೀ ಟೋಪಿ, ಹೆಗಲ ಮೇಲೆ ಮಲಾರ. ಬಸ್ಸಿನಿಂದ ಇಳಿದು ನಡೆದು ಬಂದವನು ಮನೆಯ ಹೊಸ್ತಿಲ ಹತ್ತಿರ ಹೋಗಿ ನಮ್ಮನ್ನು ಕಂಡ. ಅಮ್ಮನ ಪಕ್ಕದ ಗಂಟನ್ನು ಕಂಡ. ನಿಂತುಬಿಟ್ಟ. ಬೀದಿ ದಾಟಿ ನಮ್ಮ ಹತ್ತಿರ ಬಂದು ಸಲಾಂ ಹೇಳಿ, ಈ ಊರು ನಿಮ್ಮದಾ ತಂಗಿ ಎಂದು ಉರ್ದುವಿನಲ್ಲಿ ಕೇಳಿದ.

"ಕನ್ನಡದಲ್ಲೇ ಮಾತಾಡಿ ಭಾಯಿ. ಎಲ್ರೂ ಕೇಳಿಸ್ಕಬೇಕು" ಎಂದಳು ಅಮ್ಮ.

ಅವನು ಸುತ್ತ ನೋಡಿದ. ಎಲ್ಲ ಬಾಗಿಲುಗಳಲ್ಲೂ ಹೆಂಗಸರಿದ್ದರು. "ಈ ಊರಿಗೆ ಬಳೆಗಾರರಿಲ್ಲ, ಬಾ ಅಂತ ಕರೆದ್ರು. ನೀವಿದ್ದೀರಿ ಅಂದಿದ್ದರೆ ನಾನು ಬಸ್ಸೇ ಹತ್ತುತ್ತಿರಲಿಲ್ಲ. ನೀವು ಹೂಂ ಅಂದ್ರೆ ಬಿಚ್ತೀನಿ, ಇಲ್ಲಾಂದ್ರೆ ಹಂಗೇ ಹೋಗ್ತೀನಿ."

"ಬಿಚ್ಚಿ ಭಾಯಿ. ನಾನ್ ಅಡ್ಡ ಬರಕಿಲ್ಲ. ಒಂದೇ ಮಾತು ಕೇಳ್ತೀನಿ ಇವ್ರ್ನ." ಅಮ್ಮ ಜಗಲಿಯಿಂದ ಎದ್ದು ನಿಂತಳು. ಮೊಣಕಾಲು ನೋವಿನಲ್ಲಿ ಒಂದು ಕೈಯನ್ನು ನನ್ನ ಹೆಗಲಿಗೆ ಊರಿದ್ದಳು. "ಅಜ್ಜಿ, ಈಚಿಕ್ ಬಾ. ಟೀವೀಲಿ ಬಂದ ಪೊಲೀಸ್ನೋಳು ಎಂಗೆ ಬಂದ್ಲು, ಯೋಳು. ಊರಿಗೆ ಗೊತ್ತಿರೋಳಾ, ಗೊತ್ತಿಲ್ದೋಳಾ?"

ಅಜ್ಜಿ ಮತ್ತೆ ಬಾಗಿಲಿಗೆ ಬಂದಳು. ಪಕ್ಕದ ಬಾಗಿಲ ಹೆಂಗಸೊಬ್ಬಳು, "ಗೊತ್ತಿಲ್ದೋಳು" ಎಂದಳು.

"ಎಲ್ಲಿಂದ ಬಂದ್ಲು?"

"ಬಸ್ಸಿಂದ ಇಳ್ದು ಬಂದ್ಲು."

"ಮಲಾರ ಹೊತ್ಕಂಡು ತಾನೇ?"

ಬೀದಿಯ ಕಣ್ಣುಗಳೆಲ್ಲ ಪಾಪ ಆ ಮುದುಕನ ಕಡೆ ತಿರುಗಿದವು. ಹಿಂದಿನಿಂದ ಯಾರೋ, "ಅಯ್ಯೋ, ಇವ್ನೇ ಇರ್ಬೌದು ಕಣ್ರೇ" ಎಂದರು. ಶಾಸ್ತ್ರಕ್ಕೆ ಬಂದಿದ್ದ ಹೆಂಗಸೊಬ್ಬಳು ಚಾಚಲು ಸಿದ್ಧ ಮಾಡಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮುದುಕ ಏನೂ ಅರ್ಥವಾಗದೆ ನನ್ನನ್ನು ಕೇಳಿದ. ನಾನು ಧಾರಾವಾಹಿಯ ವಿಷಯ ಹೇಳಿದೆ. ಅವನ ಮನೆಯಲ್ಲಿ ಟೀವಿಯೇ ಇರಲಿಲ್ಲವಂತೆ.

"ಈ ವಯಸ್ಸಲ್ಲಿ ನನ್ನ ಪೊಲೀಸಿಗೆ ಸೇರಿಸಿದ್ರಲ್ಲ" ಎಂದವನೇ, ಮಲಾರ ಬಿಚ್ಚದೆ ನಮ್ಮ ಜಗಲಿಯ ಇನ್ನೊಂದು ತುದಿಯಲ್ಲಿ ಕೂತು ಬೀಡಿ ಹಚ್ಚಿದ. "ನಾನು ತೊಡಿಸಲ್ಲ ತಂಗಿ. ನಿಮ್ಮೂರು, ನಿಮ್ಮ ಜನ. ನೀವೇ ನೋಡ್ಕೊಳ್ಳಿ."

ಆಗ ಮನೆಯೊಳಗೆ ಗದ್ದಲ. ಶಾಸ್ತ್ರದ ಹೊತ್ತು, ಮಣೆ ಹಾಕಿದೆ, ಮೊರದಲ್ಲಿ ಅಕ್ಕಿ ಬೆಲ್ಲ ವೀಳ್ಯ ಇಟ್ಟಿದೆ, ಬಳೆಗಾರರಿಬ್ಬರು ಎದುರು ಜಗಲಿಯಲ್ಲಿ ಕೂತಿದ್ದಾರೆ, ಬಸುರಿಯ ಕೈ ಖಾಲಿ. ಹುಡುಗಿಯ ತಾಯಿ ಹೊರಗೆ ಬಂದು ಅಮ್ಮನನ್ನು ಕರೆದಳು. "ಬಾ ಬೂಬಮ್ಮ, ಆದದ್ದಾಯ್ತು ಬುಡು."

ನಾನು ಮಲಾರ ಎತ್ತಿಕೊಂಡೆ. ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿದಳು.

"ನಾನ್ ಒಳೀಕೆ ಬರಕಿಲ್ಲ. ಪೊಲೀಸು ಅಂದದ್ದು ಬೀದೀಲಿ. ಅಲ್ಲ ಅನ್ನದೂ ಬೀದೀಲೇ ಆಗ್ಲಿ. ಮಗೀನ ಇಲ್ಲಿಗೆ ಕಳ್ಸು."

"ಏಳು ತಿಂಗ್ಳ ಬಸ್ರೀನ ಬೀದೀಲಿ ಕುಂಡ್ರುಸ್ತೀಯಾ?" ಎಂದಳು ತಾಯಿ.

"ಬೀದೀಲಿ ನನ್ನ ಕುಂಡ್ರುಸ್ಲಿಲ್ವಾ?"

ಹುಡುಗಿಯ ತಾಯಿ ಮುಖ ತಿರುಗಿಸಿಕೊಂಡಳು. ಅಮ್ಮ ಸೋತಳು ಅಂತಲೇ ನಾನು ಅಂದುಕೊಂಡೆ. ಅಷ್ಟರಲ್ಲಿ ಹುಡುಗಿ ಅಜ್ಜಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೊಸ್ತಿಲು ದಾಟಿದಳು. ಸೊಂಟಕ್ಕೆ ಕೈ ಕೊಟ್ಟುಕೊಂಡು ಬೀದಿ ದಾಟಿ ಬಂದು ಜಗಲಿಯ ಮೇಲೆ ಕೂತಳು.

"ತೊಡ್ಸು ಬೂಬಮ್ಮ. ಕಾಲು ನೋಯ್ತಾವೆ, ಬ್ಯಾಗ ತೊಡ್ಸು" ಎಂದು ಎರಡೂ ಕೈ ಚಾಚಿದಳು.

ಬಸುರಿನ ಕೈ ಊದಿತ್ತು. ಅಮ್ಮ ಅವಸರ ಮಾಡಲಿಲ್ಲ. ಹಸಿರು ಬಳೆಗಳು ಒಂದೊಂದಾಗಿ ಏರಿದವು. ಊರು ನೋಡುತ್ತಿತ್ತು. ಅಮ್ಮ ಆ ಹೊತ್ತಿನುದ್ದಕ್ಕೂ ಹುಡುಗಿಯನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗಂಡ ಹೇಗಿದ್ದಾನೆ, ವಾಂತಿ ನಿಂತಿತಾ, ದಿನಾ ಕೇಳುತ್ತಿದ್ದದ್ದು ಯಾವುದೂ ಇಲ್ಲ. ಹುಡುಗಿಯೇ ತಡೆಯಲಾರದೆ ತಾನಾಗಿ ಎಲ್ಲ ಹೇಳತೊಡಗಿದಳು. ಅಮ್ಮ ತಲೆ ತಗ್ಗಿಸಿಕೊಂಡು ಕೇಳಿದಳು.

ಆಮೇಲೆ ಉಳಿದ ಹೆಂಗಸರು ಬಂದರು. ಮೊದಲು ಇಬ್ಬರು, ಮತ್ತೆ ಗುಂಪು. ಅಮ್ಮ ಅರ್ಧ ಜನವನ್ನು ಚಾಮರಾಜನಗರದ ಭಾಯಿಯ ಕಡೆಗೆ ತಿರುಗಿಸಿದಳು. "ಅವ್ರೂ ದೂರದಿಂದ ಬಂದವ್ರೆ. ನಾನ್ ಒಪ್ಗೆ ಕೊಟ್ಟಿವ್ನಿ, ತೊಡುಸ್ಕಳಿ."

ಅಜ್ಜಿ ತುಂಬ ಹೊತ್ತು ಬೀದಿ ದಾಟಲಿಲ್ಲ, ಕೊನೆಗೆ ಮೊರವನ್ನು ಕೈಲಿ ಹಿಡಿದು ಬಂದಳು. ಅಕ್ಕಿ, ಬೆಲ್ಲ, ವೀಳ್ಯ. ಜಗಲಿಯ ಮೇಲೆ ಇಡುತ್ತಾ, ಬೇರೆಯವರಿಗೆ ಕೇಳದ ಹಾಗೆ, "ಆಣೆ ಮಡಗ್ತೀಯಾ, ನನ್ ಮೊಮ್ಮಗನ ಇಸ್ಯ ನೀ ಯೋಳಿಲ್ಲ ಅಂತ?" ಎಂದಳು. ಅವಳ ದನಿಯಲ್ಲಿ ಜಗಳ ಇರಲಿಲ್ಲ, ಬೇಡುವ ಹಾಗಿತ್ತು.

"ಆಣೆ ಮಡಗಕಿಲ್ಲ ಅಜ್ಜಿ" ಎಂದಳು ಅಮ್ಮ. "ಇಪ್ಪತ್ತು ವರ್ಸ ಬಂದಿವ್ನಿ. ಅದು ಸಾಲ್ದು ಅಂದ್ರೆ ಆಣೆಯಿಂದ ಏನಾದದು? ನಂಬು, ಬುಡು. ಬರೋ ವಾರ ಬತ್ತೀನಿ. ಕರುದ್ರೂ ಬತ್ತೀನಿ, ಕರೀದಿದ್ರೂ ಬತ್ತೀನಿ."

ಅಜ್ಜಿ ತಲೆಯಾಡಿಸಲಿಲ್ಲ. ಇಲ್ಲ ಅನ್ನಲೂ ಇಲ್ಲ. ಹೋದಳು.

ನಾವು ಬಸ್ಸಿಗೆ ಹೊರಟಾಗ ಹುಡುಗಿಯ ಅಣ್ಣ ಹಿಂದಿನಿಂದ ಬಂದು ನನ್ನ ಹೆಗಲಿನ ಮಲಾರವನ್ನು ಕೇಳದೆಯೇ ಇಳಿಸಿಕೊಂಡ. ಊರಿನ ನಡುವಿನ ದಾರಿಯಲ್ಲಿ, ಎಲ್ಲರ ಬಾಗಿಲ ಮುಂದೆ, ಅದನ್ನು ಹೊತ್ತು ನಡೆದ. ಹಸಿರು ಕೆಂಪು ಬಳೆಯ ಗಂಟು ಹೊತ್ತ ಗಂಡಸನ್ನು ನೋಡಿ ಹುಡುಗರು ಕಿಸಿಕಿಸಿ ನಕ್ಕರು. ಅವನು ತಿರುಗಿ ನೋಡಲಿಲ್ಲ. ಬಸ್ಸು ನಿಲ್ಲುವ ಜಾಗಕ್ಕೆ ಬಂದ ಮೇಲೆ ಅಮ್ಮ, "ನೀನೂ ನೋಡ್ದ್ಯಾ ಮಗಾ, ಟೀವೀನ?" ಎಂದು ಕೇಳಿದಳು.

"ನೋಡ್ದಿ" ಎಂದ. ಮಲಾರವನ್ನು ನೆಲಕ್ಕಿಳಿಸಿ ಮತ್ತೆ ಹೇಳಿದ. "ಸುಳ್ಳು ಕಣ್ ಬೂಬಮ್ಮ. ಅದ್ರಲ್ಲಿ ಪೊಲೀಸ್ನೋರು ಬಳೆ ತೊಡ್ಸಿ, ಕೈ ಸವರಿ ಕೇಳ್ತಾರೆ. ನನ್ನ ಅಂಗೆ ಯಾರೂ ಕೇಳ್ನಿಲ್ಲ."

ಆ ಮೊದಲ ಕಂತಿನ ಬಗ್ಗೆ ನಾನು ಕೇಳಿದ ಅಭಿಪ್ರಾಯಗಳಲ್ಲಿ ಇದೊಂದೇ ನನಗೆ ಇವತ್ತಿಗೂ ಮಾತಿಗೆ ಮಾತು ನೆನಪಿರುವುದು. ಅಮ್ಮ ಅವನ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡು, ಅಳತೆ ನೋಡುವವಳ ಹಾಗೆ ಮಣಿಕಟ್ಟನ್ನು ಮೆಲ್ಲಗೆ ಒತ್ತಿದಳು. ಒಂದು ಕಡೆ ಅವನು ಹಲ್ಲು ಕಚ್ಚಿದ. ಅಮ್ಮ ಅಲ್ಲಿಗೇ ನಿಲ್ಲಿಸಿದಳು, ಆದರೆ ಕೈ ಬಿಡಲಿಲ್ಲ. ಬಸ್ಸು ಬಂತು. ಕಂಡಕ್ಟರು ಇಣುಕಿ, ಹತ್ತುತ್ತೀರೋ ಇಲ್ಲವೋ ಎಂದು ರೇಗಿದ.

"ಇರಪ್ಪ" ಎಂದಳು ಅಮ್ಮ. "ಕೈ ನೋಡ್ತಿವ್ನಿ."